ಮೂರನೇ ಸಾಕು

ತಾಚಿಬಾನಾ ಸಾನ್ ಅವರ ಕಾಫಿ ಅಂಗಡಿಗೆ ನಾನು ಮೊದಲ ಸಲ ಹೋದ ದಿನ ಆ ಮಹಾನುಭಾವರು ನನ್ನ ಸೀರೆಯ ಮೇಲೆ ಅರ್ಧ ಲೀಟರು ಹಾಲು ಸುರಿದರು. ಎರಡು ಚಮಚ ಅಷ್ಟೇ ಎಂದು ನನ್ನ ಮೊಮ್ಮಗಳು ದೀಕ್ಷಾ ಹೇಳುತ್ತಾಳೆ. ಅವಳು ಹುಟ್ಟಿದ್ದು ಟೋಕಿಯೋದಲ್ಲಿ. ಇಲ್ಲಿಯವರು ಎಲ್ಲವನ್ನೂ ಅಳೆದು ಮಾತಾಡುತ್ತಾರೆ. ನಾನು ಮೈಸೂರಿನವಳು, ಕಣ್ಣಿಗೆ ಕಂಡಷ್ಟು ಹೇಳುತ್ತೇನೆ.

ನನ್ನ ಹೆಸರು ವೇದವಲ್ಲಿ. ವಯಸ್ಸು ಎಪ್ಪತ್ತೆರಡು, ಓದು ನಾಲ್ಕನೇ ಕ್ಲಾಸು. ನಲವತ್ತು ವರ್ಷ ಮದುವೆಮನೆಗಳಲ್ಲಿ ಅಡುಗೆ ಮಾಡಿದವಳು. ನಾನು ಒಲೆಯ ಮುಂದೆ. ನಮ್ಮ ಯಜಮಾನರು ಪಂಕ್ತಿಯಲ್ಲಿ, ಬಡಿಸುವವರಿಗೆಲ್ಲ ಮೇಸ್ತ್ರಿ. ನಮ್ಮ ಸಾರು ಉಣ್ಣದೆ ಮೈಸೂರಿನಲ್ಲಿ ಯಾರಾದರೂ ಮದುವೆಯಾಗಿದ್ದರೆ ಆ ಮದುವೆ ಊರ್ಜಿತವೋ ಅಲ್ಲವೋ ವಿಚಾರಿಸಬೇಕು. ಯಜಮಾನರು ತೀರಿಕೊಂಡ ಮೇಲೆ ಮಗಳು ಯಾಮಿನಿ ನನ್ನನ್ನು ಟೋಕಿಯೋದ ಟೊಯೊಸು ಬಡಾವಣೆಯ ತನ್ನ ಮನೆಗೆ ಕರೆಸಿಕೊಂಡಳು. ಮೂವತ್ತೊಂದನೇ ಮಹಡಿ. ಕಾಗೆಗಳು ಕೂಡ ನಡುವೆ ಎಲ್ಲೋ ಕೂತು ಸುಧಾರಿಸಿಕೊಂಡು ಮೇಲಕ್ಕೆ ಬರುತ್ತವೆ. ಮಗಳು, ಅಳಿಯ ಬೆಳಗ್ಗೆ ಆಫೀಸಿಗೆ ಓಡುತ್ತಾರೆ. ನನಗೆ ಈ ಊರಿನ ಭಾಷೆಯಲ್ಲಿ ಬರುವುದು ಎರಡೇ ಮಾತು, ಸುಮಿಮಾಸೆನ್ ಮತ್ತು ಅರಿಗಾತೋ. ಕಾಲು ತುಳಿದರೆ ಮೊದಲನೆಯದು, ಜಾಗ ಬಿಟ್ಟರೆ ಎರಡನೆಯದು. ಇಷ್ಟರಲ್ಲಿ ಜೀವನ ಸಾಗುತ್ತದೆ.

ಉಳಿದದ್ದಕ್ಕೆಲ್ಲ ದೀಕ್ಷಾ. ಹದಿನಾಲ್ಕು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಅರ್ಧ ಬರುತ್ತದೆ. ನನ್ನ ಮಾತನ್ನು ಜಪಾನಿಗೆ ತಿರುಗಿಸುವಾಗ ಅವಳದೊಂದು ಪದ್ಧತಿಯಿದೆ: ನಾನು ಹೇಳಿದ ಲೆಕ್ಕವನ್ನೆಲ್ಲ ಹತ್ತರಿಂದ ಭಾಗಿಸಿ ಹೇಳುತ್ತಾಳೆ. ಒಂದೇ ಮದುವೆಯಲ್ಲಿ ಐದು ಸಾವಿರ ಎಲೆ ಹಾಕಿದ್ದೆವು ಎಂದು ನಾನು ಅಂದರೆ, ಕೇಳಿಸಿಕೊಂಡವರಿಗೆ ತಲುಪುವುದು ಐನೂರು. ಇದು ನನಗೆ ಗೊತ್ತಾದ ಮೇಲೆ ನಾನು ಮೊದಲೇ ಹತ್ತರಿಂದ ಗುಣಿಸಿ ಹೇಳಲು ಶುರುಮಾಡಿದೆ. ಆಮೇಲೆ ಅವಳು ನೂರರಿಂದ ಭಾಗಿಸತೊಡಗಿದಳು.

ಮೊಣಕಾಲಿಗೆ ಒಳ್ಳೆಯದು, ನಡೆಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಶನಿವಾರ ಮಧ್ಯಾಹ್ನ ನಾವಿಬ್ಬರೂ ಕಾಲುವೆ ದಾಟಿ ಕಿಬಾ ಕಡೆಯ ಹಳೆಯ ಗಲ್ಲಿಗಳಲ್ಲಿ ಅಡ್ಡಾಡುತ್ತೇವೆ. ಅಲ್ಲಿ ಮನೆಗಳು ಎರಡೇ ಮಹಡಿ, ಮನುಷ್ಯರು ಇರುವ ಎತ್ತರ. ಅಂಥ ಒಂದು ಗಲ್ಲಿಯ ಮೂಲೆಯಲ್ಲಿ ತಾಚಿಬಾನಾ ಸಾನ್ ಅವರ ಅಂಗಡಿ; ಸಾನ್ ಅಂದರೆ ಇಲ್ಲಿ ಮರ್ಯಾದೆಗೆ ಹೆಸರಿನ ಜೊತೆ ಸೇರಿಸುವ ಮಾತು. ಐದೇ ಮೇಜು. ಗೋಡೆಯ ತುಂಬ ಹಳೆಯ ಗ್ರಾಮಫೋನ್ ಪ್ಲೇಟುಗಳು, ಒಂದು ಗಿಟಾರು, ಉದ್ದ ಕೂದಲಿನ ನಾಲ್ಕು ಹುಡುಗರು ಸಿಟ್ಟುಮಾಡಿಕೊಂಡು ನಿಂತಿರುವ ಒಂದು ಫೋಟೋ. ಅಂಗಡಿಯ ಯಜಮಾನರಿಗೆ ಎಪ್ಪತ್ತಮೂರೋ ಎಪ್ಪತ್ತನಾಲ್ಕೋ. ತೆಳ್ಳಗೆ, ಬೆಳ್ಳಗೆ, ಬೆಳ್ಳಿಕೂದಲನ್ನು ಹಿಂದಕ್ಕೆ ಜುಟ್ಟು ಕಟ್ಟಿಕೊಂಡು, ನಮ್ಮ ಪುರೋಹಿತರ ಹಾಗೆಯೇ ಇದ್ದರು.

ಕಾಫಿ ತಂದಿಟ್ಟು, ಬಗ್ಗಿ, ಪುಟ್ಟ ಜಗ್ಗಿನಿಂದ ಹಾಲು ಹಾಕತೊಡಗಿದರು. ನಾನು ಸಾಕು ಎಂದೆ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು, ಜಗ್ಗು ಬಾಗಿಯೇ ಇತ್ತು. ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಸಾಕು ಎಂದೆ. ಅವರ ಕಣ್ಣು ಅಗಲವಾಯಿತು. ಹಾಲು ಲೋಟ ತುಂಬಿ, ತಟ್ಟೆ ತುಂಬಿ, ಮೇಜಿನಿಂದ ನನ್ನ ಮಡಿಲಿಗೆ ಇಳಿಯಿತು. ನಾನು ಲೋಟದ ಮೇಲೆ ಕೈ ಅಡ್ಡ ಹಿಡಿದು, "ಸಾಕಪ್ಪಾ" ಎಂದು ಕೂಗಿದೆ.

ಜಗ್ಗು ಕೆಳಗೆ ಬಿತ್ತು. ಮನುಷ್ಯ ಒರೆಸುವ ಬಟ್ಟೆ ತರಲಿಲ್ಲ, ಕ್ಷಮೆ ಕೇಳಲಿಲ್ಲ. ಜಪಾನಿನಲ್ಲಿ ಇದು ಭೂಕಂಪಕ್ಕಿಂತ ದೊಡ್ಡ ವಿಷಯ. ಓಡಿಹೋಗಿ ಗೋಡೆಯಿಂದ ಒಂದು ಪ್ಲೇಟು ತೆಗೆದು ಪೆಟ್ಟಿಗೆಯ ಮೇಲಿಟ್ಟು ಮುಳ್ಳು ಇಳಿಸಿದರು. ಢಂ ಢಂ ಎಂದು ಡ್ರಮ್ಮು, ಕುಯ್ಯೋ ಎಂದು ಗಿಟಾರು. ಆಮೇಲೆ ಒಬ್ಬ ಹುಡುಗ ಗಂಟಲು ಹರಿಯುವ ಹಾಗೆ ಹಾಡಿದ. ಸಾಕು, ಸಾಕು, ಸಾಕಪ್ಪಾ. ಮತ್ತೆ ಅದೇ. ಮತ್ತೆ ಅದೇ. ಮೂರನೆಯದಕ್ಕೆ ದನಿ ಮೇಲೇರುತ್ತಿತ್ತು.

ನಾನು ಸೀರೆ ಹಿಂಡುವುದನ್ನು ಬಿಟ್ಟೆ. ದೀಕ್ಷಾಳ ಬಾಯಿ ತೆರೆದೇ ಇತ್ತು. ಆ ಹಾಡು ಅವಳಿಗೆ ಚೆನ್ನಾಗಿ ಗೊತ್ತಂತೆ. ಐವತ್ತು ವರ್ಷದ ಹಿಂದಿನದು, ಈಗಲೂ ಬೇಸ್‌ಬಾಲ್ ಆಟದಲ್ಲಿ ಹಾಕುತ್ತಾರೆ, ಸ್ಕೂಲಿನ ಸ್ಪೋರ್ಟ್ಸ್ ಡೇಗೆ ಹಾಕುತ್ತಾರೆ, ಅವರ ಸೂಪರ್‌ಮಾರ್ಕೆಟ್ಟಿನಲ್ಲಿ ಸಂಜೆ ಮೀನಿನ ರೇಟು ಇಳಿಸುವಾಗಲೂ ಹಾಕುತ್ತಾರೆ. ಅದರಲ್ಲಿ ನಮ್ಮ ಮಾತಿದೆ ಎಂದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ. ಏಕೆಂದರೆ ಜಪಾನಿ ಭಾಷೆಯಲ್ಲಿ ಸಾಕು ಎಂದರೆ ಹೂವು ಅರಳುವುದು. ಕೊನೆಯ ಸಾಕಪ್ಪಾಗೆ ಮಾತ್ರ ಅರ್ಥವಿಲ್ಲ. ಆ ಅರ್ಥವಿಲ್ಲದ ಮಾತಿನಿಂದಲೇ ಹಾಡಿಗೆ ಅಷ್ಟು ಹೆಸರು ಬಂದದ್ದು.

ಅವತ್ತು ತಾಚಿಬಾನಾ ಸಾನ್ ಅಂಗಡಿಗೆ ಬೀಗ ಹಾಕಿ ಬಂದು ನಮ್ಮೆದುರು ಕೂತರು. ಹಾಡು ಹುಟ್ಟಿದ ಕಥೆಯನ್ನು ಹೇಳಿದರು, ದೀಕ್ಷಾ ನನಗೆ ತಿಳಿಸಿದಳು.

ಒಸಾಕಾದಲ್ಲಿ ದೊಡ್ಡ ಎಕ್ಸ್‌ಪೋ ನಡೆದ ವರ್ಷ ಅವರಿಗೆ ಹತ್ತೊಂಬತ್ತು. ಅಲ್ಲಿ ಇಂಡಿಯಾದ ಅಡುಗೆಯವರ ಹತ್ತಿರ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದ್ದರು. ಅಲ್ಲಿ ಒಬ್ಬ ಋಷಿ ಇದ್ದನಂತೆ. ಬಿಳಿ ಪಂಚೆ, ಹಣೆಯ ಮೇಲೆ ಮೂರು ಬಿಳಿಗೆರೆ, ನೆಲದ ಮೇಲೆ ಪದ್ಮಾಸನ. ಒಂದು ಮಧ್ಯಾಹ್ನ ಆ ಋಷಿ ಇವರನ್ನು ನೋಡಿ, ಕೈ ಎತ್ತಿ, ಐದು ಬೆರಳು ಹೂವಿನ ಹಾಗೆ ಬಿಡಿಸಿ, ಮೂರು ಸಲ ಮಂತ್ರ ಹೇಳಿದನಂತೆ. ಅರಳು, ಅರಳು, ಮೂರನೆಯದು ಇವರಿಗೆ ತಿಳಿಯದ ದೊಡ್ಡದೇನೋ. ಆ ದನಿ ಕಿವಿಯಲ್ಲಿ ಉಳಿದು, ಎರಡು ವರ್ಷದ ಮೇಲೆ, ಇವರು ಮೂವರು ಗೆಳೆಯರೊಡನೆ ಕಟ್ಟಿದ ತಂಡದ ಹಾಡಾಗಿ ಹೊರಗೆ ಬಂತಂತೆ. ಪ್ಲೇಟಿನಲ್ಲಿ ಹಾಡಿದ ಹುಡುಗ ಇವರೇ.

ಆದರೆ ಇದನ್ನು ಒಪ್ಪದ ಒಬ್ಬರಿದ್ದರು. ನೊಮುರಾ ಸಾನ್. ಫೋಟೋದಲ್ಲಿ ಎಲ್ಲರಿಗಿಂತ ಹೆಚ್ಚು ಸಿಟ್ಟುಮಾಡಿಕೊಂಡಿರುವವರು, ದಪ್ಪ ತಂತಿಯ ಗಿಟಾರು ನುಡಿಸುತ್ತಿದ್ದವರು. ಆ ಮಾತನ್ನು ಹುಟ್ಟಿಸಿದ್ದು ತಾನು ಎಂದು ಅವರ ವಾದ. ಸಾಕೆ ಎಂದರೆ ಇಲ್ಲಿಯ ಹೆಂಡ. ಕಾಪ್ಪಾ ಎಂದರೆ ಹೊಳೆಯಲ್ಲಿರುವ ಹಸಿರು ಬಣ್ಣದ ಕುಳ್ಳ ದೆವ್ವ. ಎರಡೂ ಸೇರಿ ಸಾಕಪ್ಪಾ, ಅಂದರೆ ಕುಡಿದ ದೆವ್ವ. ಋಷಿಯೂ ಇಲ್ಲ, ಮಂತ್ರವೂ ಇಲ್ಲ, ಎಲ್ಲ ಇವನು ಕಟ್ಟಿದ ಸುಳ್ಳು ಎಂದು ಟಿವಿಯಲ್ಲಿ ಎದುರಿಗೇ ಹೇಳಿದರಂತೆ. ಅದಾಗಿ ಮೂವತ್ತು ವರ್ಷ. ಅಲ್ಲಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ನಾಲ್ವರಲ್ಲಿ ಈಗ ಉಳಿದಿರುವುದು ಇವರಿಬ್ಬರೇ. ನೊಮುರಾ ಇರುವುದು ರೈಲಿನಲ್ಲಿ ಒಂದೂವರೆ ಗಂಟೆ ದೂರದ ಸಗಮಿಹಾರಾದಲ್ಲಿ.

ತಾಚಿಬಾನಾ ಸಾನ್ ಸಿಕ್ಕಸಿಕ್ಕ ಇಂಡಿಯಾದವರನ್ನೆಲ್ಲ ಆ ಮಾತಿನ ಅರ್ಥ ಕೇಳಿ ನೋಡಿದ್ದರು. ಪಂಜಾಬಿ ಹೋಟೆಲಿನವನು ಇಲ್ಲ ಅಂದ. ತಮಿಳರು ಗೊತ್ತಿಲ್ಲವೆಂದು ತಲೆಯಾಡಿಸಿದರು. ಟೊಯೊಸುವಿನಿಂದ ಒಬ್ಬ ಕಂಪ್ಯೂಟರಿನವರು ಆಗಾಗ ಬರುತ್ತಿದ್ದರಂತೆ, ಕನ್ನಡಕ, ಸ್ವಲ್ಪ ಹೊಟ್ಟೆ. ಅವರು ಚೆನ್ನಾಗಿ ಯೋಚನೆ ಮಾಡಿ, ಇದು ಖಂಡಿತ ಹಿಂದಿ ಅಲ್ಲ ಎಂದು ಹೇಳಿದರಂತೆ. ದೀಕ್ಷಾ ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಹೌದು, ಇವರೇ ಅಂದರು. ನಮ್ಮ ಅಳಿಯ ರಘುನಂದನ್. ಊಟಕ್ಕೆ ಕೂತಾಗ ದಿನಕ್ಕೆ ಎಂಟು ಸಲ ಸಾಕು ಅನ್ನುವ ಮನುಷ್ಯ.

ಈಗ ರೇಡಿಯೋದವರು ಹಳೆಯ ಹಾಡುಗಳು ಹುಟ್ಟಿದ ಬಗೆಯ ಮೇಲೆ ಒಂದು ಕಾರ್ಯಕ್ರಮ ಮಾಡುತ್ತಿದ್ದರು. ಇನ್ನು ಮೂರು ವಾರಕ್ಕೆ ಇದೇ ಅಂಗಡಿಯಲ್ಲಿ ರೆಕಾರ್ಡಿಂಗು. ನೊಮುರಾ ಕೂಡ ಬರಲು ಒಪ್ಪಿದ್ದರು. ಬಂದು ಏನು ಹೇಳುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಇಷ್ಟು ವರ್ಷ ಸುಳ್ಳುಗಾರ ಅನ್ನಿಸಿಕೊಂಡ ಮುದುಕರ ಮುಂದೆ ನಾನು ಬಂದು ಕೂತಿದ್ದೆ, ಆ ಮಾತನ್ನು ಅದೇ ದನಿಯಲ್ಲಿ ಕೂಗಿದ್ದೆ. ಅವರು ಎರಡೂ ಕೈ ಮೇಜಿನ ಮೇಲಿಟ್ಟು, ತಲೆ ಮೇಜಿಗೆ ತಗಲುವಷ್ಟು ಬಗ್ಗಿದರು. ಸಾಕ್ಷಿ ಹೇಳಬೇಕು ಎಂದು ಕೇಳುತ್ತಿದ್ದರು.

ನನಗೆ ಒಂದು ಅನುಮಾನ.

"ದೀಕ್ಷಾ, ಋಷಿ ಕೈ ಎತ್ತಿದಾಗ ಇವರ ಕೈಯಲ್ಲಿ ಏನಿತ್ತು ಅಂತ ಕೇಳೇ."

ಅವಳು ಕೇಳಿದಳು. ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಕಣ್ಣು ಮುಚ್ಚಿ, ಬಲಗೈ ಗಾಳಿಯಲ್ಲಿ ಆಡಿಸಿ ನೋಡಿಕೊಂಡರು.

"ಬಕೆಟ್ ಅಂತೆ ಅಜ್ಜಿ. ಸ್ಮಾಲ್ ಒನ್. ಅಂಡ್ ಲೈಕ್, ದೊಡ್ಡ ಸ್ಪೂನ್."

ನಾನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೆ. ನಮ್ಮ ಕಸುಬಿನ ಒಂದು ಗುಟ್ಟನ್ನು ಹೇಳಬೇಕು. ಬಡಿಸುವ ಹುಡುಗರಿಗೆ ನಮ್ಮ ಯಜಮಾನರು ಕಲಿಸುತ್ತಿದ್ದ ಮೊದಲ ಪಾಠ ಇದು. ಎಲೆಯ ಮುಂದೆ ಕೂತವರು ಮೊದಲನೇ ಸಾಕನ್ನು ನಾಚಿಕೆಗೆ ಹೇಳುತ್ತಾರೆ, ಸೌಟು ನಿಲ್ಲಿಸಬೇಡ. ಎರಡನೆಯದನ್ನು ಪಕ್ಕದ ಎಲೆಯವರು ನೋಡುತ್ತಿದ್ದಾರೆಂದು ಹೇಳುತ್ತಾರೆ, ಆಗಲೂ ನಿಲ್ಲಿಸಬೇಡ. ಮೂರನೆಯದಕ್ಕೆ ದನಿ ಮೇಲೇಳುತ್ತದೆ, ಜೊತೆಗೆ ಒಂದು ಅಪ್ಪಾ ಸೇರುತ್ತದೆ, ಎಲೆಯ ಮೇಲೆ ಐದು ಬೆರಳೂ ಅಗಲಿಸಿದ ಕೈ ಅಡ್ಡ ಬರುತ್ತದೆ. ಆಗ ನಿಲ್ಲಿಸಿ ಮುಂದಿನ ಎಲೆಗೆ ಹೋಗು. ಈ ಮೂರು ಸಾಕುಗಳನ್ನು ನಾನು ನಲವತ್ತು ವರ್ಷದಲ್ಲಿ ಮೂರು ಕೋಟಿ ಸಲ ಕೇಳಿದ್ದೇನೆ. ಒಸಾಕಾದ ಋಷಿ ನಮ್ಮ ಕಡೆಯ ಒಬ್ಬ ಅಡುಗೆಭಟ್ಟರು. ಊಟಕ್ಕೆ ಕೂತಿದ್ದಾರೆ. ಭಾಷೆ ಬಾರದ ಹುಡುಗ ಕೈಗೆ ಬಕೆಟ್ಟು ಸಿಕ್ಕಿದ ಖುಷಿಗೆ ಸಾರು ಸುರಿಯುತ್ತಲೇ ಇದ್ದಾನೆ.

ಇಷ್ಟನ್ನೂ ನಾನು ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಆ ಮುದುಕರ ಮುಖ ದೀಪ ಹಚ್ಚಿಟ್ಟ ಹಾಗೆ ಇತ್ತು. ಅರ್ಥವೇನು ಎಂದು ಕೇಳಿದರು. ನನ್ನ ನಾಲಿಗೆ ನನ್ನನ್ನು ಕೇಳಿಕೊಂಡು ಆಡುವುದಿಲ್ಲ. ಅದು ಬಹಳ ದೊಡ್ಡ ಮಾತು, ಹಿರಿಯರ ಬಾಯಲ್ಲಿ ಮಾತ್ರ ಬರುವುದು, ಉಳಿದದ್ದನ್ನು ರೇಡಿಯೋದವರ ಮುಂದೆ ಹೇಳುತ್ತೇನೆ ಎಂದುಬಿಟ್ಟೆ. ಅವರು ಕಣ್ಣೊರೆಸಿಕೊಂಡರು.

ಮನೆಗೆ ಹೊರಟೆವು. ಸೇತುವೆಯ ಮೇಲೆ ದೀಕ್ಷಾ ನಿಂತು ಕೇಳಿದಳು.

"ಅಜ್ಜಿ, ಸಾಕು ಅಂದ್ರೆ ಇನಫ್ ಅಲ್ವಾ?"

"ಹೂಂ."

"ಹಾಗಾದ್ರೆ ಯಾಕೆ ಲೈ ಮಾಡಿದ್ರಿ?"

"ಸುಳ್ಳೆಲ್ಲಿ ಹೇಳ್ದೆ? ಸ್ವಲ್ಪ ಒಗ್ಗರಣೆ ಹಾಕ್ದೆ."

"ನೀವು ಹೇಳಿದ್ದನ್ನ ನಾನು ಟೆನ್‌ನಿಂದ ಡಿವೈಡ್ ಮಾಡ್ಬಹುದು ಅಜ್ಜಿ. ಜೀರೋನ ಹೇಗೆ ಡಿವೈಡ್ ಮಾಡ್ಲಿ?"

ಹದಿನಾಲ್ಕು ವರ್ಷದ ಹುಡುಗಿ. ನಾನು ಸೆರಗು ಸರಿಮಾಡಿಕೊಂಡು ಮುಂದೆ ನಡೆದೆ.

ಮೂರು ವಾರದಲ್ಲಿ ನನ್ನ ಒಗ್ಗರಣೆ ಘಮ್ಮೆಂದು ಊರು ತುಂಬಿತು. ಉತ್ಪ್ರೇಕ್ಷೆಯಲ್ಲಿ ತಾಚಿಬಾನಾ ಸಾನ್ ನನಗೇ ಗುರು ಎಂದು ತಿಳಿಯುವುದು ತಡವಾಯಿತು. ಹಿರಿಯರು ಹೇಳುವ ಮಾತು ಎಂದಿದ್ದೆ. ರೇಡಿಯೋದ ಹಯಾಮಿ ಸಾನ್ ಎಂಬ ಹುಡುಗಿಗೆ ಅವರು ಹೇಳುವಷ್ಟರಲ್ಲಿ ಅದು ದಕ್ಷಿಣ ಇಂಡಿಯಾದ ಮಹರ್ಷಿಗಳು ಜೀವಮಾನದಲ್ಲಿ ಒಂದೇ ಒಂದು ಸಲ, ಒಬ್ಬನೇ ಒಬ್ಬನಿಗೆ ಕೊಡುವ ಆಶೀರ್ವಾದವಾಗಿತ್ತು. ನಾನು ತಾಚಿಬಾನಾ ಸಾನ್ ಅವರಿಗೆ ತಾಚಪ್ಪ ಎಂದು ಹೆಸರಿಟ್ಟಿದ್ದೆ. ಕರೆದರೆ ಪ್ರತಿಸಲವೂ ಎದ್ದು ನಿಂತು ಬಗ್ಗುತ್ತಿದ್ದರು. ಯಾಮಿನಿಗೆ ವಿಷಯ ಗೊತ್ತಾಗಿ, ಅಮ್ಮಾ, ಇದು ನಮ್ಮ ಮಠದ ಬೀದಿ ಅಲ್ಲ, ರೇಡಿಯೋ, ಇಡೀ ದೇಶ ಕೇಳುತ್ತೆ ಎಂದು ತಲೆ ಚಚ್ಚಿಕೊಂಡಳು. ಅಳಿಯಂದಿರು ಮಾತ್ರ ಏನೂ ಅನ್ನಲಿಲ್ಲ. ಅದು ಹಿಂದಿ ಅಲ್ಲ ಎಂದು ಹೇಳಿದ ಮೇಲೆ ಅವರ ಬಾಯಿಗೆ ನಾನೇ ಬೀಗ ಹಾಕಿದ್ದೆ.

ರೆಕಾರ್ಡಿಂಗಿನ ಭಾನುವಾರ ಬೆಳಗ್ಗೆ ನಾನು ಸಾರು ಮಾಡಿದೆ. ಒಬ್ಬರ ಅಂಗಡಿಯಲ್ಲಿ ಕಾರ್ಯ ನಡೆಯುವಾಗ ಕೈ ಬೀಸಿಕೊಂಡು ಹೋಗುವುದು ನನ್ನಿಂದಾಗುವುದಿಲ್ಲ. ಡಬ್ಬಿಯಲ್ಲಿ ಸಾರು ಸಾಗಿಸುವುದೂ ಆಗುವುದಿಲ್ಲ. ಊರಿಂದ ಬರುವಾಗ ಬಟ್ಟೆಯ ಮಧ್ಯೆ ಸುತ್ತಿ ತಂದಿದ್ದ ಸ್ಟೀಲು ಬಕೆಟ್ಟಿಗೆ ಹಾಕಿ, ಮುಚ್ಚಳ ಕಟ್ಟಿ, ಅಳಿಯಂದಿರ ಕೈಗೆ ಕೊಟ್ಟೆ. ಅನ್ನದ ಕುಕ್ಕರು ಯಾಮಿನಿಯ ಕೈಗೆ. ಟೊಯೊಸುವಿನಿಂದ ಕಿಬಾವರೆಗೂ ಅಳಿಯಂದಿರು ಯಾರಾದರೂ ಆಫೀಸಿನವರು ಕಂಡಾರೆಂದು ಬಕೆಟ್ಟನ್ನು ಹಿಂದೆ ಮುಂದೆ ಮಾಡುತ್ತ ನಡೆದರು. ಸಾರಿನ ವಾಸನೆಗೆ ದಾರಿಯಲ್ಲಿ ನಾಲ್ಕು ನಾಯಿ, ಇಬ್ಬರು ಪೊಲೀಸರು ತಿರುಗಿ ನೋಡಿದರು. ಒಂದು ನಾಯಿ ಎಂದು ದೀಕ್ಷಾ.

ಅಂಗಡಿಯಲ್ಲಿ ಮೈಕುಗಳನ್ನು ನಿಲ್ಲಿಸಿದ್ದರು. ತಾಚಪ್ಪ ಹೊಸ ಅಂಗಿ ಹಾಕಿಕೊಂಡು ಒಳಗೂ ಹೊರಗೂ ಓಡಾಡುತ್ತಿದ್ದರು. ನೊಮುರಾ ಸಾನ್ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೋಟು ಕೂಡ ಬಿಚ್ಚದೆ, ಕೈ ಕಟ್ಟಿಕೊಂಡು ಕೂತಿದ್ದರು. ದಪ್ಪ ಮನುಷ್ಯ, ದಪ್ಪ ಹುಬ್ಬು. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನೋಡುತ್ತಿದ್ದರು. ತಾಚಪ್ಪ ಕಾಫಿ ಕೊಂಡುಹೋಗಿ ಅವರ ಮುಂದಿಟ್ಟರು. ಅವರು ಮುಟ್ಟಲಿಲ್ಲ.

ಮೈಕು ಹಾಕುವ ಮೊದಲು ನೊಮುರಾ ಹಯಾಮಿ ಸಾನ್‌ಗೆ ಏನೋ ಮೆಲ್ಲಗೆ ಹೇಳಿದರು. ಆ ಹುಡುಗಿಯ ಮುಖ ಬಿಳಿಚಿತು. ಏನಂತೆ ಎಂದು ದೀಕ್ಷಾಳನ್ನು ಕೇಳಿದೆ. ಮೊದಲು ಹೇಳಲು ಇಷ್ಟಪಡಲಿಲ್ಲ, ಆಮೇಲೆ ನೊಮುರಾ ಅವರ ಮಾತನ್ನು ಹಾಗೆಯೇ ಹೇಳಿದಳು: ನಾನು ಜಗಳಕ್ಕೆ ಬಂದಿಲ್ಲ, ನನಗೂ ವಯಸ್ಸಾಯಿತು, ಎದೆಗೆ ಎರಡು ಸಲ ಆಪರೇಷನ್ ಆಗಿದೆ. ಅವನ ಬಾಯಿಂದ ಒಂದು ನಿಜ ಕೇಳೋಣವೆಂದು ಬಂದೆ. ಇವತ್ತೂ ಋಷಿ, ಆಶೀರ್ವಾದ ಎಂದೇ ಶುರುಮಾಡಿದರೆ ನಾನು ಎದ್ದು ಹೋಗುತ್ತೇನೆ, ಮತ್ತೆ ಬರುವುದಿಲ್ಲ.

ನಾನು ಬೇಳೆ ಬೇಯಿಸಿದ ಕೈಯನ್ನು ನೋಡಿಕೊಂಡೆ. ನನ್ನ ಸಾಕ್ಷಿಯಿಂದ ತಾಚಪ್ಪನಿಗೆ ವಾದ ಗೆಲ್ಲಿಸಿಕೊಡಬಹುದಿತ್ತು. ಗೆದ್ದ ಮೇಲೆ ಆ ಬಾಗಿಲ ಹತ್ತಿರದ ಕುರ್ಚಿ ಖಾಲಿಯಾಗುತ್ತಿತ್ತು. ಇನ್ನೊಂದು ಮೂವತ್ತು ವರ್ಷ ಕಾಯಲು ಅವರಿಬ್ಬರಲ್ಲಿ ಯಾರ ಹತ್ತಿರವೂ ಅಷ್ಟು ದಿನ ಉಳಿದಿರಲಿಲ್ಲ.

ಮೈಕು ಹಾಕಿದರು. ತಾಚಪ್ಪ ಕಥೆ ಹೇಳಿದರು. ಪಂಚೆ ಬಂತು, ಮೂರು ಗೆರೆ ಬಂತು. ನೊಮುರಾ ಅವರ ಕೈ ಕೋಟಿನ ಗುಂಡಿಯ ಮೇಲೆ ಹೋಯಿತು. ಹಯಾಮಿ ಸಾನ್ ಅವಸರದಿಂದ ಮೈಕನ್ನು ನನ್ನ ಕಡೆ ತಿರುಗಿಸಿ, ಇಂಡಿಯಾದಿಂದ ಬಂದ ಹಿರಿಯರೇ, ಆ ಮಹಾಮಂತ್ರದ ಅರ್ಥವೇನು ಎಂದು ಕೇಳಿದಳು.

ನಾನು ದೀಕ್ಷಾಳ ಕೈ ಹಿಡಿದುಕೊಂಡೆ.

"ಇವತ್ತು ಭಾಗಿಸ್ಬೇಡ ಕಣೇ. ನಾನು ಹೇಳಿದ್ದನ್ನ ಹೇಳಿದ ಹಾಗೇ ಹೇಳು."

"ಪ್ರಾಮಿಸ್?"

"ಪ್ರಾಮಿಸ್ಸು."

ಅರ್ಥವನ್ನು ಬಾಯಲ್ಲಿ ಹೇಳಲಾರೆ, ಎಲ್ಲರೂ ಊಟಕ್ಕೆ ಕೂತರೆ ತೋರಿಸುತ್ತೇನೆ ಎಂದೆ. ರೇಡಿಯೋದವರು ಗಲಿಬಿಲಿಗೊಂಡರು. ನಾನು ಯಾರ ಒಪ್ಪಿಗೆಗೂ ಕಾಯದೆ ನೊಮುರಾ ಸಾನ್ ಎದುರು ಒಂದು ತಟ್ಟೆ ಇಟ್ಟು, ಅನ್ನ ಹಾಕಿ, ಮಧ್ಯೆ ಗುಳಿ ಮಾಡಿದೆ. ಅನ್ನ ಕಂಡ ಮೇಲೆ ಎದ್ದು ಹೋಗುವುದು ಜಪಾನಿನವರಿಗೂ ಕಷ್ಟ. ಆಮೇಲೆ ಬಕೆಟ್ಟನ್ನೂ ಸೌಟನ್ನೂ ತಾಚಪ್ಪನ ಕೈಗೆ ಕೊಟ್ಟು, ಬಡಿಸಿ ಎಂದೆ.

ಬಕೆಟ್ಟಿನ ಹಿಡಿ ಕೈಗೆ ಬಂದದ್ದೇ ತಡ, ಆ ಮುದುಕರ ಬೆನ್ನು ತಾನಾಗಿಯೇ ಬಾಗಿತು. ಬಕೆಟ್ಟು ಎಡಗೈಗೆ ಹೋಯಿತು, ಸೌಟು ಬಲಗೈಗೆ. ಒಸಾಕಾದ ಭಟ್ಟರು ಚೆನ್ನಾಗಿಯೇ ಕಲಿಸಿದ್ದರು. ಒಂದು ಸೌಟು ಸಾರು ಬಿತ್ತು. ನೊಮುರಾ ಮೂಸಿ ನೋಡಿ, ಮರ್ಯಾದೆಗೆ ತಲೆಯಾಡಿಸಿ, "ಮೋ ಈ" ಎಂದರು. ಈ ಮಾತಿನ ಅರ್ಥ ನನಗೆ ಗೊತ್ತಿತ್ತು. ಮನೆಯಲ್ಲಿ ನಾನು ದೋಸೆ ಹಾಕುವಾಗಲೆಲ್ಲ ದೀಕ್ಷಾ ಹೇಳುವುದು ಇದನ್ನೇ. ತಾಚಪ್ಪ ನಿಲ್ಲಿಸಲು ಹೋದರು. ನಾನು ಹಾಕಿ ಹಾಕಿ ಎಂದು ಸನ್ನೆ ಮಾಡಿದೆ. ಎರಡನೇ ಸೌಟು. ನೊಮುರಾ ಸ್ವಲ್ಪ ಬಿರುಸಾಗಿ ಮತ್ತೆ "ಮೋ ಈ" ಎಂದರು. ನಾನು ಮತ್ತೆ ಸನ್ನೆ ಮಾಡಿದೆ. ಮೂರನೇ ಸೌಟಿಗೆ ಸಾರು ತಟ್ಟೆಯ ಅಂಚಿಗೆ ಬಂತು. ನೊಮುರಾ ತಟ್ಟೆಯ ಮೇಲೆ ಐದು ಬೆರಳು ಅಗಲಿಸಿ ಕೈ ಅಡ್ಡ ಹಿಡಿದು, ತಲೆಯೆತ್ತಿ ಗಟ್ಟಿಯಾಗಿ ಕೂಗಿದರು.

"ಮೋ ಈತ್ತೆಬಾ."

ತಂತಿ ಹಿಡಿದು ಕೂತಿದ್ದ ರೇಡಿಯೋದವನು ಕಿವಿಗೆ ಹಾಕಿಕೊಂಡಿದ್ದನ್ನು ಮೆಲ್ಲಗೆ ತೆಗೆದ. ಹಾಡು ಕೇಳಿದ್ದವರಿಗೆಲ್ಲ ಗೊತ್ತಾಗಿತ್ತು. ಮೋ ಈ, ಮೋ ಈ, ಮೋ ಈತ್ತೆಬಾ. ಅದೇ ಧಾಟಿ, ಅದೇ ಏರು. ಮಾತು ಬೇರೆ, ಅಷ್ಟೇ. ತಾಚಪ್ಪ ಬಕೆಟ್ಟು ಹಿಡಿದುಕೊಂಡು, ತಟ್ಟೆಯ ಮೇಲಿದ್ದ ಆ ಕೈಯನ್ನೇ ನೋಡುತ್ತಿದ್ದರು.

"ಇದೇ ಅರ್ಥ," ಎಂದೆ ನಾನು. "ಬೇಕಾದಷ್ಟಾಯ್ತು, ಇನ್ನು ಹಾಕ್ಬೇಡ ಅಂತ. ಮಂತ್ರ ಅಲ್ಲ. ಅವರು ಋಷಿನೂ ಅಲ್ಲ, ನಮ್ಮ ಕಡೆ ಅಡುಗೆಯವರು. ದೊಡ್ಡ ಮಾತು ಅಂತ ಹೇಳಿದ್ದು ನನ್ನ ತಪ್ಪು. ಸುಮಿಮಾಸೆನ್."

ದೀಕ್ಷಾ ಒಂದು ಅಕ್ಷರ ಬಿಡದೆ ಹೇಳಿದಳು. ಕೊನೆಯ ಮಾತನ್ನು ಹೇಳುವ ಅಗತ್ಯ ಅವಳಿಗಿರಲಿಲ್ಲ.

ತಾಚಪ್ಪ ಬಕೆಟ್ಟನ್ನು ಕೆಳಗಿಟ್ಟು ಕುರ್ಚಿಯ ಮೇಲೆ ಕೂತರು. ಐವತ್ತು ವರ್ಷ ತಲೆಯ ಮೇಲೆ ಹೊತ್ತು ತಿರುಗಿದ ಆಶೀರ್ವಾದ ಮೂರು ಸೌಟು ಸಾರಿನಲ್ಲಿ ಕೊಚ್ಚಿಹೋಗಿತ್ತು. ತಗ್ಗಿದ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ಹಾಗಾದರೆ ಅವರಿಗೆ ನನ್ನ ಮೇಲೆ ಸಿಟ್ಟು ಬಂದಿತ್ತೇ?

ಇಲ್ಲಿ ನನಗೆ ಬಣ್ಣ ಹಚ್ಚುವ ಆಸೆ ಬಹಳ ಆಯಿತು. ಹಚ್ಚಲಿಲ್ಲ. ಸಿಟ್ಟು ಬಂದವರು ಸಾಕು ಅನ್ನುವುದಿಲ್ಲ, ಬೇಡ ಅನ್ನುತ್ತಾರೆ, ಅದೂ ಮೊದಲೇ ಅನ್ನುತ್ತಾರೆ. ಸಾಕಪ್ಪಾ ಅನ್ನಬೇಕಾದರೆ ಹೊಟ್ಟೆ ತುಂಬಿರಬೇಕು, ಬಡಿಸುವವನ ಮೇಲೆ ಸ್ವಲ್ಪ ಸಲಿಗೆಯೂ ಇರಬೇಕು. ನಮ್ಮವರು ಅನ್ನಿಸದವರನ್ನು ನಾವು ಅಪ್ಪಾ ಅನ್ನುವುದಿಲ್ಲ. ನಾನು ನಿಮ್ಮನ್ನು ತಾಚಪ್ಪ ಅನ್ನುವುದೂ ಅದಕ್ಕೇ ಎಂದೆ.

ಅದನ್ನು ಕೇಳಿ ಅವರು ತಲೆಯೆತ್ತುವಷ್ಟರಲ್ಲಿ ಯಾರೋ ಕೆಮ್ಮಿದ ಸದ್ದಾಯಿತು. ನೊಮುರಾ ಸಾನ್ ನಗುತ್ತಿದ್ದರು. ನಗು ಹೊಟ್ಟೆಯಿಂದ ಎದ್ದು, ಕೋಟಿನ ಗುಂಡಿಗಳನ್ನು ಅಲ್ಲಾಡಿಸಿ, ಕಣ್ಣಿನಿಂದ ನೀರಾಗಿ ಇಳಿಯಿತು. ಅವರು ಹೇಳಿದ್ದು ಇಷ್ಟು: ನಮ್ಮ ಎಲ್ಲ ಕಛೇರಿಗಳಲ್ಲೂ ಕೊನೆಗೆ ಈ ಹಾಡನ್ನೇ ಹಾಡುತ್ತಿದ್ದೆವು. ಇವನು ನಿಂತುಕೊಂಡು ಸಾಕು, ಸಾಕು ಎಂದು ಅರಚುತ್ತಿದ್ದ, ಹತ್ತು ಸಾವಿರ ಜನ ಇನ್ನೂ ಬೇಕು, ಇನ್ನೂ ಬೇಕು ಎಂದು ಕೂಗುತ್ತಿದ್ದರು.

ಹತ್ತು ಸಾವಿರವನ್ನು ದೀಕ್ಷಾ ಭಾಗಿಸಿ ಹೇಳಿದಳೋ ಇಲ್ಲವೋ ನಾನು ಕೇಳಲಿಲ್ಲ.

ನಗು ನಿಂತ ಮೇಲೆ ನೊಮುರಾ ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಮೈಕನ್ನು ತಾವೇ ಹತ್ತಿರಕ್ಕೆ ಎಳೆದುಕೊಂಡರು.

"ಆ ಮಾತು ನನ್ನದಲ್ಲ," ಎಂದರು. ದೀಕ್ಷಾ ನನ್ನ ಕಿವಿಯಲ್ಲಿ ಹೇಳುತ್ತ ಹೋದಳು. "ಇವನು ಅದನ್ನು ಹಾಡಿಕೊಂಡೇ ಸ್ಟುಡಿಯೋಗೆ ಬಂದ. ಸಂಜೆಯೊಳಗೆ ಸಾಹಿತ್ಯ ಬರೆದುಕೊಡಿ ಅಂತ ಕಂಪನಿಯವರು ಕೂತಿದ್ದರು. ಅಕ್ಷರ ಚೆನ್ನಾಗಿದ್ದದ್ದು ನನ್ನದು. ಏನು ಅಂತ ತಿಳಿಯದೆ ಕುಡಿದ ದೆವ್ವ ಅಂತ ಬರೆದೆ. ಬರೆದವನು ನಾನು. ಹುಟ್ಟಿಸಿದ್ದು ನಾನೇ ಅಂತ ಯಾವಾಗ ನಂಬಿದೆನೋ ಗೊತ್ತಿಲ್ಲ."

ತಾಚಪ್ಪ ಎದ್ದು ಹೋಗಿ ಒಂದು ಚಮಚ ತಂದು ನೊಮುರಾ ಅವರ ತಟ್ಟೆಯ ಪಕ್ಕದಲ್ಲಿಟ್ಟರು. ಆ ದಪ್ಪ ಮನುಷ್ಯ ಮೂರು ಸೌಟು ಸಾರಿನ ಅನ್ನವನ್ನು ಒಂದು ಅಗುಳು ಬಿಡದೆ ಉಂಡರು. ಆಮೇಲೆ ಏನನ್ನೋ ಮರೆತವರ ಹಾಗೆ ಹೊರಗೆ ಹೋಗಿ, ಗಲ್ಲಿಯ ಕೊನೆಯಲ್ಲಿ ನಿಲ್ಲಿಸಿದ್ದ ಕಾರಿನಿಂದ ಉದ್ದನೆಯ ಕಪ್ಪು ಪೆಟ್ಟಿಗೆಯೊಂದನ್ನು ತಂದರು. ನುಡಿಸುವುದಿಲ್ಲ ಎಂದು ರೇಡಿಯೋದವರಿಗೆ ಖಡಾಖಂಡಿತವಾಗಿ ಹೇಳಿದ್ದ ಗಿಟಾರು ಅದರೊಳಗಿತ್ತು. ಇಬ್ಬರೂ ತಂತಿ ಬಿಗಿಯುತ್ತ ಕೂತರು. ಶ್ರುತಿ ಸೇರಲು ಒಂದು ಯುಗ ಹಿಡಿಯಿತು. ಸೇರಿದ ಮೇಲೆ ಅಂಗಡಿಯ ಗಾಜುಗಳೆಲ್ಲ ನಡುಗಿದವು, ಕಿಬಾದಲ್ಲಿ ಭೂಕಂಪವಾಯಿತೆಂದು ಜನ ಬೀದಿಗೆ ಬಂದರು. ಇದನ್ನು ದೀಕ್ಷಾ ಕೂಡ ಒಪ್ಪುತ್ತಾಳೆ. ಅವಳ ಪ್ರಕಾರ ಮೂರು ಜನ.

ಈಗ ನೊಮುರಾ ಸಾನ್ ಪ್ರತಿ ಗುರುವಾರ ಸಗಮಿಹಾರಾದಿಂದ ರೈಲು ಹತ್ತಿ ಬರುತ್ತಾರೆ. ಬಂದ ಹತ್ತು ನಿಮಿಷಕ್ಕೆ ಜಗಳ ಶುರು. ಅವರ ಎರಡನೇ ಪ್ಲೇಟು ಒಂದೂ ಮಾರಾಟವಾಗಲಿಲ್ಲವಂತೆ. ಅದರಲ್ಲಿ ಮಧ್ಯೆ ಮಧ್ಯೆ ಬರುವ ತಕ ತಕ ಎಂಬ ಸದ್ದು ರೈಲಿನದು ಎಂದು ಒಬ್ಬರು, ತನ್ನ ಅಜ್ಜಿ ಈರುಳ್ಳಿ ಹೆಚ್ಚುತ್ತಿದ್ದ ಸದ್ದು ಎಂದು ಇನ್ನೊಬ್ಬರು. ತೀರ್ಪು ಹೇಳಲು ನನ್ನನ್ನು ಮಧ್ಯದಲ್ಲಿ ಕೂರಿಸಿ, ತಮ್ಮ ಕಡೆಗೆ ಒಲಿಸಿಕೊಳ್ಳಲು ಇಬ್ಬರೂ ಒಂದೊಂದು ಬಟ್ಟಲು ಹುರಿಗಡಲೆ ಮುಂದಿಟ್ಟು, ಆ ಪ್ಲೇಟನ್ನು ಹಾಕುತ್ತಾರೆ. ಆ ಕಾಲಕ್ಕೆ ನಾನು ಮೈಸೂರಿನಲ್ಲಿ ಇನ್ನೂ ಕೂಸು, ಇದರ ವಿಷಯ ನನಗೆ ಹೇಗೆ ತಿಳಿಯಬೇಕು ಎಂದರೆ ಕೇಳುವುದಿಲ್ಲ. ಮದುವೆಯಾಗಿತ್ತಲ್ವಾ ಅಜ್ಜಿ ಎಂದು ದೀಕ್ಷಾ ಪಕ್ಕದಿಂದ ಚುಚ್ಚುತ್ತಾಳೆ. ನಾನು ಕಣ್ಣು ಮುಚ್ಚಿ, ಎರಡೂ ಕಡೆಯ ಹುರಿಗಡಲೆ ಮುಗಿಯುವವರೆಗೂ ಬಹಳ ಶ್ರದ್ಧೆಯಿಂದ ಕೇಳುತ್ತೇನೆ.